ರಾತ್ರಿ ಎರಡಕ್ಕೆ ಸಿಗ್ನಲ್ ಹುಡುಕುತ್ತಿದ್ದವರು: ಬ್ಯಾಟರಿ ಫರ್ಮ್‌ವೇರ್ ಮುಖ್ಯಸ್ಥರೊಬ್ಬರ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು ನಲವತ್ತರ ಆಸುಪಾಸು. ಸೋಮವಾರಪೇಟೆ ಕಡೆಯ ತೋಟದ ಮನೆಯಿಂದಲೇ ಕೆಲಸ. ವಿದ್ಯುತ್ ಸ್ಕೂಟರ್‌ಗಳ ಬ್ಯಾಟರಿ ಪ್ಯಾಕ್ ಮಾಡುವ ಕಂಪನಿಯಲ್ಲಿ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಫರ್ಮ್‌ವೇರ್, ಅಂದರೆ ಅದರ ಚಿಪ್‌ನೊಳಗಿನ ತಂತ್ರಾಂಶ, ಬರೆಯುವ ತಂಡದ ಮುಖ್ಯಸ್ಥರು, ಕೈಕೆಳಗೆ ಆರು ಜನ. ಹೆಂಡತಿಯ ಒತ್ತಾಯಕ್ಕೆ ನಮ್ಮ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಎರಡು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋದ ದಿನ ಜೀಪು ಹತ್ತಿ ಸಿಗ್ನಲ್ ಸಿಗುವ ತಿರುವಿನವರೆಗೂ ಹೋಗಿ, ಗಿರಾಕಿಗಳ ಬಳಿ ಇರುವ ಪ್ಯಾಕ್‌ಗಳ ತಾಪಮಾನ ನೋಡಿ ಬರುತ್ತಾರೆ. "ನಾನು ನೋಡದ ಹೊತ್ತಲ್ಲೇ ಯಾರದೋ ಮನೆಯೊಳಗೆ ಹೊತ್ತಿಕೊಂಡರೆ?" ಎಂಬುದು ಅವರ ಮಾತು.

ಇದಕ್ಕೆ ಮೂಲ ಒಂದು ವಾಪಸ್ ಬಂದ ಪ್ಯಾಕ್. ಅದರಲ್ಲಿ ತಾಪಮಾನ ಅಳೆಯುವ ಒಂದು ಎನ್‌ಟಿಸಿ ಸೆನ್ಸರ್ (ಬಿಸಿಯಾದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ) ಅಂಟು ಬಿಟ್ಟು ಸೆಲ್‌ನಿಂದ ಕಳಚಿಕೊಂಡಿತ್ತು. ಪಕ್ಕದವು 45 ಡಿಗ್ರಿ ತೋರಿಸುವಾಗ ಇದು ಒಳಗಿನ ಗಾಳಿಯ 31 ಡಿಗ್ರಿ ತೋರಿಸುತ್ತಿತ್ತು. ತಂತಿ ತುಂಡಾಗಿದ್ದರೆ ಓದು ವಿಪರೀತ ತಣ್ಣಗೆ, ಶಾರ್ಟ್ ಆಗಿದ್ದರೆ ವಿಪರೀತ ಬಿಸಿ ಬರುತ್ತಿತ್ತು; ಫರ್ಮ್‌ವೇರ್ ಅಂಥದ್ದನ್ನು ಹಿಡಿಯುತ್ತಿತ್ತು. ಮಿತಿಯೊಳಗಿನ ಸುಳ್ಳನ್ನು ಹಿಡಿಯುವ ಸಾಲು ಅದರಲ್ಲಿ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಿಲೀಸ್‌ಗೆ ಸಹಿ ಇವರದು. ಅಂದಿನಿಂದ ತಂಡ ಬರೆದ ಪ್ರತಿ ಸಾಲನ್ನೂ ತಾವೇ ಓದತೊಡಗಿದರು. ಕೆಲಸ ಇವರ ಮೇಜಿನಲ್ಲಿ ಕಟ್ಟಿಕೊಂಡಿತು. ಕಿರಿಯರು ಬೈಗುಳಕ್ಕೆ ಹೆದರಿ ತಪ್ಪು ಹೇಳುವುದನ್ನೇ ಬಿಟ್ಟರು. ನಮ್ಮ ದೃಷ್ಟಿಯಲ್ಲಿ ಕಳಚಿದ ಸೆನ್ಸರ್‌ಗಿಂತ ಈ ಮೌನವೇ ಹೆಚ್ಚು ಅಪಾಯದ್ದು.

"ಸುಮ್ಮನೆ ತಲೆಕೆಡಿಸಿಕೊಳ್ಳಬೇಡಿ" ಎಂದು ಇಂಥವರಿಗೆ ಹೇಳಬಾರದು. ಅವರ ಭಯದಲ್ಲಿ ನಿಜವಿದೆ. ಮೊದಲ ಸಲವೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆವು. ರಾತ್ರಿ ಎದ್ದಾಗ ಫೋನ್ ಮುಟ್ಟದೆ ಭಯವನ್ನು ಒಂದೇ ಸಾಲಿನಲ್ಲಿ ಬರೆಯುವುದು. ಬೆಳಗ್ಗೆ ಅದರ ಎದುರು ಮೂರು ಉತ್ತರ: ಈ ದೋಷವನ್ನು ಯಾವುದು ಪತ್ತೆ ಮಾಡುತ್ತದೆ, ಎಷ್ಟು ಹೊತ್ತಿನಲ್ಲಿ, ಆಮೇಲೆ ಪ್ಯಾಕ್ ಏನು ಮಾಡುತ್ತದೆ. ಎರಡು ವಾರದಲ್ಲಿ ಹದಿನಾಲ್ಕು ಸಾಲಾದವು. ಒಂಬತ್ತಕ್ಕೆ ಉತ್ತರ ಆಗಲೇ ಇತ್ತು. ಐದಕ್ಕೆ ಇರಲಿಲ್ಲ, ಆ ಐದು ಚಿಕಿತ್ಸೆಗಲ್ಲ, ತಂಡದ ಮುಂದೆ ಹೋಗಬೇಕಾದವು.

ಅವುಗಳಲ್ಲಿ ಒಂದು ಮಾಸ್‌ಫೆಟ್‌ನದು, ಅಂದರೆ ಪ್ಯಾಕ್‌ನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್‌ನದು. ಅದು ಕೆಡುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಫರ್ಮ್‌ವೇರ್ ಆಫ್ ಎಂದರೂ ಚಾರ್ಜಿಂಗ್ ಕರೆಂಟ್ ನಿಲ್ಲುವುದಿಲ್ಲ. ಹಾಗಾಗಿ ಪ್ರೊಸೆಸರ್ ಸತ್ತರೂ ಸೆಲ್ ವೋಲ್ಟೇಜ್ ನೋಡಿ ಫ್ಯೂಸ್ ಸುಡುವ ಎರಡನೇ ರಕ್ಷಣಾ ಚಿಪ್ ಬೇಕು, ಅದು ಬೋರ್ಡ್ ವಿನ್ಯಾಸದವರ ಕೆಲಸ. ಅದನ್ನು ಕೋಡ್‌ನಲ್ಲಿ ತುಂಬಿಸಲು ಹೊರಟು ಇವರು ಸುಸ್ತಾಗಿದ್ದರು. ಸವಾರಿಯಲ್ಲಿ ಥಟ್ಟನೆ ಕರೆಂಟ್ ಕಡಿಯುವುದೂ ಅಪಾಯವೇ. ಮೊದಲು ಎಚ್ಚರಿಕೆ, ಆಮೇಲೆ ಶಕ್ತಿ ಇಳಿಸುವುದು, ಕೊನೆಗೆ ಕಡಿತ. ಪ್ರತಿ ಹಂತಕ್ಕೂ ಎಷ್ಟು ಸೆಕೆಂಡ್ ಎಂಬುದು ಕಾಗದದ ಮೇಲಿರಬೇಕು.

ಇನ್ನೊಂದು ಆ ಸೆನ್ಸರ್‌ನದೇ. ಇಲ್ಲಿ ತೋಟದ ಸೋಲಾರ್ ಬೇಲಿಯ ಮಾತು ಸಹಾಯಕ್ಕೆ ಬಂತು. ಯಂತ್ರದ ದೀಪ ಮಿನುಗುತ್ತಿದ್ದ ಮಾತ್ರಕ್ಕೆ ಆನೆ ಬರುವ ಜಾಗದಲ್ಲಿ ತಂತಿಗೆ ಜೀವವಿದೆ ಎಂದಲ್ಲ. ಮಳೆಗೆ ಬೆಳೆದ ಕಳೆ ತಾಗಿದರೆ ವೋಲ್ಟೇಜ್ ಬಿದ್ದಿರುತ್ತದೆ, ಬೇಲಿಯ ತುದಿಗೆ ಹೋಗಿಯೇ ಟೆಸ್ಟರ್ ಹಿಡಿಯಬೇಕು. ಪ್ಯಾಕ್‌ನಲ್ಲೂ ಹಾಗೆಯೇ ಮಾಡಿ ಎಂದೆವು. ಒಂದು ಎನ್‌ಟಿಸಿ (25 ಡಿಗ್ರಿಯಲ್ಲಿ 10 ಕಿಲೋ ಓಮ್ ರೋಧ ಇರುವಂಥದ್ದು) ತೆಗೆದು ಅಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಓದು 25 ಡಿಗ್ರಿಯಲ್ಲೇ ನಿಲ್ಲುತ್ತದೆ. ಈಗ ಪ್ಯಾಕನ್ನು 1ಸಿ ದರದಲ್ಲಿ (ತುಂಬಿದ ಪ್ಯಾಕ್ ಒಂದು ಗಂಟೆಯಲ್ಲಿ ಖಾಲಿಯಾಗುವ ವೇಗ) ಅರ್ಧ ಗಂಟೆ ಡಿಸ್ಚಾರ್ಜ್ ಮಾಡಿ. ನೆರೆಯವು ಏರುವಾಗ ಇದೊಂದು ಏರದಿದ್ದರೆ ದೋಷವೆಂದು ಹೇಳುತ್ತದೆಯೇ? ಎಷ್ಟು ಡಿಗ್ರಿ ವ್ಯತ್ಯಾಸ ಎಂಬುದನ್ನು ಬೇರೆಯವರಿಂದ ನಕಲು ಮಾಡದೆ ತಮ್ಮದೇ ಪ್ಯಾಕ್‌ನ ಅಳತೆಯಿಂದ ತೆಗೆಯಬೇಕು. ಈ ಪರೀಕ್ಷೆಯನ್ನು ಅವರು ಮಾಡಬಾರದು, ತಂಡದ ಅತಿ ಕಿರಿಯ ಹುಡುಗಿ ಮಾಡಲಿ ಎಂದೂ ಸೇರಿಸಿದೆವು.

ವಿದ್ಯುತ್ ದ್ವಿಚಕ್ರ ವಾಹನಗಳ ಬ್ಯಾಟರಿ ಸುರಕ್ಷತೆಗಿರುವ ಭಾರತೀಯ ಮಾನದಂಡ ಎಐಎಸ್-156ರ 3ನೇ ತಿದ್ದುಪಡಿ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಯಾಯಿತು. ಪ್ಯಾಕ್ ಅದರಲ್ಲಿ ಪಾಸಾಗಿದೆಯಲ್ಲ ಎಂಬುದು ಮ್ಯಾನೇಜರರ ವಾದ. ಪಾಸಾದ ದಿನ ಸೆನ್ಸರ್ ಅಂಟಿಕೊಂಡೇ ಇತ್ತು, ಅಷ್ಟೇ ಉತ್ತರ ಸಾಕು. ಒಬ್ಬರೇ ಸಹಿ ಹಾಕುವ ಪದ್ಧತಿ ನಿಲ್ಲಬೇಕು. ವಾಹನಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 26262ರ 2018ರ ಆವೃತ್ತಿಯಲ್ಲಿ ಮೋಟಾರ್‌ಸೈಕಲ್‌ಗಳಿಗೆಂದೇ 12ನೇ ಭಾಗ ಸೇರಿದೆ. ಅಪಾಯದ ಮಟ್ಟ ಏರಿದಂತೆ ಪರಿಶೀಲಿಸುವವರು ತಯಾರಿಸಿದವರಿಂದ ಹೆಚ್ಚು ಸ್ವತಂತ್ರರಾಗಿರಬೇಕೆಂದು ಆ ಮಾನದಂಡ ಕೇಳುತ್ತದೆ. ಡೆಲಿವರಿ ದಿನಾಂಕದ ಹೊಣೆಯಿಲ್ಲದ ಒಬ್ಬರಿಗೆ ರಿಲೀಸ್ ತಡೆಯುವ ಅಧಿಕಾರ ಕೊಡಿಸಿಕೊಳ್ಳಿ ಎಂದೆವು. ಇದು ಸೋಲಲ್ಲ ಎಂದು ಒಪ್ಪಿಸಲು ಒಂದಿಡೀ ಭೇಟಿ ಹಿಡಿಯಿತು.

ಕಿರಿಯರು ತಪ್ಪು ತಂದು ಹೇಳಿದಾಗ ಕೇಳಬೇಕಾದ ಪ್ರಶ್ನೆಗಳ ಕ್ರಮವನ್ನು ಬಾಯಿಪಾಠ ಮಾಡಿಸಿದೆವು: "ಈಗ ಪ್ಯಾಕ್ ಸುರಕ್ಷಿತವಾ? ಯಾವ ವರ್ಷನ್‌ಗಳಲ್ಲಿ ಹೋಗಿದೆ? ನಿಂಗೆ ಹೇಗೆ ಗೊತ್ತಾಯ್ತು?" ಯಾರು ಮಾಡಿದ್ದು ಎಂಬುದು ಈ ಪಟ್ಟಿಯಲ್ಲಿಲ್ಲ.

ರಾತ್ರಿ ನೋಡುವ ಕೆಲಸವನ್ನು ವಾರದ ಪಾಳಿಗೆ ಹಂಚಿಸಿದೆವು. ಪಾಳಿಯವರೂ ಪರದೆ ನೋಡುತ್ತ ಕೂರುವುದಿಲ್ಲ, ಮಿತಿ ದಾಟಿದರೆ ಕರೆ ಬರುತ್ತದೆ. ಇವರ ಸರದಿಯ ವಾರ ಜೊತೆಗೊಬ್ಬರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲೇಬೇಕು. ಕೊಡಗಿನ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಇಲ್ಲಿಯ ನೆಟ್‌ವರ್ಕ್ ನಂಬಿ ಸುರಕ್ಷತೆ ಕಟ್ಟಲಾಗದು. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ ಎಂದದ್ದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ತಿಂಗಳಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲು, ನಡುರಾತ್ರಿ ತಡೆಯಲಾರದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿದ್ದೇವೆ.

ಐದನೇ ಭೇಟಿಯ ಹೊತ್ತಿಗೆ ರೆಸಿಸ್ಟರ್ ಪರೀಕ್ಷೆ ಮುಗಿದಿತ್ತು. ಹಳೆಯ ಫರ್ಮ್‌ವೇರ್ ಅರ್ಧ ಗಂಟೆ ಪೂರ್ತಿ ಸುಮ್ಮನಿತ್ತು, ಹೊಸದು ಹಿಡಿಯಿತು. ಪರೀಕ್ಷೆ ಮಾಡಿದ ಹುಡುಗಿ ಅದೇ ದಿನ ಬ್ಯಾಲೆನ್ಸಿಂಗ್ (ಸೆಲ್‌ಗಳ ಚಾರ್ಜನ್ನು ಸಮ ಮಾಡುವ) ಕೋಡ್‌ನಲ್ಲಿದ್ದ ತನ್ನದೇ ತಪ್ಪೊಂದನ್ನು ತಾನಾಗಿ ಬಂದು ಹೇಳಿದಳು. ರಿಲೀಸ್ ಮೂರು ವಾರ ಮುಂದಕ್ಕೆ ಹೋಯಿತು. ವಾರಕ್ಕೆ ಎರಡು ರಾತ್ರಿ ಈಗಲೂ ಎಚ್ಚರವಾಗುತ್ತದೆ, ಜೀಪು ಮಾತ್ರ ಹೊರಟಿಲ್ಲ. ಶಕ್ತಿ ಇಳಿಸುವ ಹಂತಕ್ಕೆ ಎಷ್ಟು ಸೆಕೆಂಡ್ ಎಂಬ ಚರ್ಚೆ ತಂಡದಲ್ಲಿ ಇನ್ನೂ ಮುಗಿದಿಲ್ಲ. ಮುಂದಿನ ಭೇಟಿ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ.