ತೊಟ್ಟಿ ಮನೆಯ ಹಿಂಬದಿಗೆ ವೈಫೈ ತಲುಪಿಸುವುದು ಹೇಗೆ?

ರೂಟರ್ ಜಗಲಿಯಲ್ಲಿದೆ, ಹಿಂದಿನ ಕೋಣೆಗೆ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಹಾಕಿದ ಮೇಲೆ ಮೊಬೈಲಿನಲ್ಲಿ ಸಿಗ್ನಲ್ ತುಂಬಿ ಕಾಣುತ್ತದೆ, ಆದರೂ ಮಗಳ ಆನ್‌ಲೈನ್ ತರಗತಿ ನಿಂತು ನಿಂತು ಬರುತ್ತದೆ ಎಂದು ಬರೆದಿದ್ದೀರಿ. ನನ್ನದೂ ಸಾಗರದ ಕಡೆಯ ಹಳೆಯ ತೊಟ್ಟಿ ಮನೆ. ಇದೇ ತೊಂದರೆಯನ್ನು ಎರಡು ಮಳೆಗಾಲ ಅನುಭವಿಸಿದ್ದೇನೆ.

ಮೊಬೈಲಿನ ಗೆರೆಗಳು ಹೇಳುವುದು ರಿಪೀಟರ್ ಎಷ್ಟು ಹತ್ತಿರವಿದೆ ಎಂಬುದನ್ನು ಮಾತ್ರ. ಜಗಲಿಯಿಂದ ರಿಪೀಟರಿಗೆ ಏನು ಬಂದು ಮುಟ್ಟುತ್ತಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿಸಿಕೊಂಡದ್ದನ್ನೆಲ್ಲ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು. ಹೀಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದರ ಮೇಲೆ ನಮ್ಮ ಮಣ್ಣಿನ ಗೋಡೆಗಳು. ನಮ್ಮ ಮನೆಯ ನಡುಗೋಡೆ ಒಂದೂವರೆ ಅಡಿ ದಪ್ಪವಿದೆ. ವೈಫೈಯ 5 ಗಿಗಾಹರ್ಟ್ಸ್ ತರಂಗ ಅದನ್ನು ದಾಟುವಷ್ಟರಲ್ಲೇ ಸೊರಗಿ ಹೋಗುತ್ತದೆ.

ಗೋಡೆ ದಾಟಿಸುವ ಕೆಲಸವನ್ನು ಕೇಬಲ್‌ಗೆ ಒಪ್ಪಿಸಿ. ವೈಫೈಗೆ ಕೋಣೆಯೊಳಗಿನ ಕೆಲಸವಷ್ಟೇ ಇರಲಿ. ನಿಮ್ಮಲ್ಲಿ ಹಳೆಯ ರೂಟರ್ ಬಿದ್ದಿದ್ದರೆ ಅದೇ ಎರಡನೆಯ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಸಾಧನ) ಆಗುತ್ತದೆ.

ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತನ್ನಿ, 100 ಮೀಟರ್‌ವರೆಗೆ ಚಿಂತೆಯಿಲ್ಲ. ಅಂಗಡಿಯಲ್ಲಿ ಶುದ್ಧ ತಾಮ್ರದ್ದೇ ಎಂದು ಕೇಳಿ ಪಡೆಯಿರಿ. ಅಲ್ಯೂಮಿನಿಯಮ್‌ಗೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ಬೇಗ ಕೈಕೊಡುತ್ತದೆ. ಒಳಗಿನ ಎಂಟೂ ತಂತಿಗಳು ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕೂತಿರಬೇಕು. ನಾಲ್ಕೇ ಕೂತರೂ ನೆಟ್ ಬರುತ್ತದೆ, ಆದರೆ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ನಾನು ಅಟ್ಟದ ತೊಲೆಯ ಮೇಲೆ ಹಾಗೆಯೇ ಎಳೆದಿದ್ದೆ. ಮೂರನೆಯ ತಿಂಗಳು ಸಂಪರ್ಕ ಸತ್ತಿತು. ಟಾರ್ಚ್ ಹಿಡಿದು ಹತ್ತಿ ನೋಡಿದರೆ ಅಡಿಕೆ ಮೂಟೆಗಳ ಹಿಂದೆ ಇಲಿ ಗೇಣುದ್ದ ಸಿಪ್ಪೆ ಸುಲಿದಿತ್ತು, ಒಳಗಿನ ತಾಮ್ರ ಹೊಳೆಯುತ್ತಿತ್ತು. ನೀವು ಮೊದಲೇ ಪಿವಿಸಿ ಪೈಪಿನೊಳಗೆ ಎಳೆಯಿರಿ.

ಹಳೆಯ ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಕೊಡುವ ವ್ಯವಸ್ಥೆ) ನಿಲ್ಲಿಸಿ, ಏಕೆಂದರೆ ಮನೆಗೆ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಜಗಲಿಯ ರೂಟರಿನ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಕೇಬಲ್ಲನ್ನು ಇದರ ವ್ಯಾನ್ (ಹೊರಗಿನ ನೆಟ್ ಬರುವ) ಕಿಂಡಿಗಲ್ಲ, ಲ್ಯಾನ್ (ಮನೆಯೊಳಗಿನ ಸಂಪರ್ಕದ) ಕಿಂಡಿಗೆ ಚುಚ್ಚಿ. ಎರಡು ರೂಟರಿಗೂ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11.

ಮಗಳು ಹಿಂದಿನ ಕೋಣೆಗೆ ಹೋದರೂ ಮೊಬೈಲ್ ಜಗಲಿಯ ರೂಟರನ್ನೇ ಹಿಡಿದುಕೊಂಡಿರಬಹುದು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ಮೊಬೈಲೇ. ಆಗ ಜಗಲಿಯದರ ಪ್ರಸಾರದ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಿ ನೋಡಿ. ನಮ್ಮಲ್ಲಿ ಇದರಿಂದಲೇ ಸರಿಹೋಯಿತು. ಗೋಡೆಗೆ ಕೈ ಹಚ್ಚುವುದು ಬೇಡವೆಂದರೆ ಮೆಶ್ ಕಿಟ್ (ತಮ್ಮತಮ್ಮಲ್ಲೇ ವೈಫೈಯಿಂದ ಕೂಡಿಕೊಳ್ಳುವ ಪೆಟ್ಟಿಗೆಗಳ ಜೋಡಿ) ಆಗುತ್ತದೆ, ಆದರೆ ಕೇಬಲ್ ಸಾಧ್ಯವಿರುವಲ್ಲಿ ಅದಕ್ಕೆ ದುಡ್ಡು ಹಾಕಲು ನಾನು ಹೇಳುವುದಿಲ್ಲ.

ಕೊಟ್ಟಿಗೆಗೂ ಬೇಕು ಎಂದಿದ್ದೀರಿ. ಅಂಗಳ ದಾಟಿಸಲು ತಾಮ್ರದ ಕೇಬಲ್ ದಯವಿಟ್ಟು ಬಳಸಬೇಡಿ. ನಮ್ಮ ಸೀಮೆಯ ಸಿಡಿಲು ಅದರಲ್ಲೇ ಹರಿದು ಎರಡೂ ಕಡೆಯ ಉಪಕರಣಗಳನ್ನು ಸುಡಬಲ್ಲದು. ಲೋಹದ ತಂತಿಯಿಲ್ಲದ ಫೈಬರ್ ಎಳೆದು, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿಸಿ. ಆಗಲೂ ಗುಡುಗು ಶುರುವಾಗುವ ಮೊದಲೇ ಅಡಾಪ್ಟರುಗಳನ್ನು ಪ್ಲಗ್‌ನಿಂದ ಕಿತ್ತಿಡಿ.