ಕಾಯುವ ಗಾಜು: ಹೆನ್ರಿಯೆಟಾ ಲೆವಿಟ್ ಕುರಿತು ಸಂಪಾದಕರ ಉತ್ತರ

ಹಾಸನದ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಕಿವಿ ಕೇಳದ್ದರಿಂದ ಲೆವಿಟ್ ಅವರ ಕಣ್ಣು ಚುರುಕಾಯಿತು, ದೈವಭಕ್ತಿಯಿಂದ ಕಾಯಿಲೆ ಗೆದ್ದರು ಎಂದು ವಾಟ್ಸಾಪಿನಲ್ಲಿ ಬಂದಿದೆ. ಮಕ್ಕಳಿಗೆ ಹೀಗೇ ಹೇಳಬಹುದೆ? ಆಕೆ ನಿಜಕ್ಕೂ ಮಾಡಿದ್ದೇನು?"

ಮೇಡಂ, ಹಾಗೆ ಹೇಳಬೇಡಿ. ಲೆವಿಟ್ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಬೆಳಕು ಅಳೆದ ಖಗೋಳ ವಿಜ್ಞಾನಿ. ಅವರಿಗೆ ಕಣ್ಣೂ ಕಾಟ ಕೊಟ್ಟಿತ್ತು. 1902ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಪಿಕರಿಂಗ್‌ಗೆ ಬರೆದ ಕಾಗದದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕಾಯಿಲೆಯನ್ನು ಗೆಲ್ಲಲೂ ಇಲ್ಲ. 1921ರ ಡಿಸೆಂಬರ್ 12ರಂದು, 53ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕೆಲಸ ಹೀಗಿತ್ತು. ಪೆರುವಿನ ಅರೆಕಿಪಾದಲ್ಲಿ 24 ಇಂಚಿನ ದೂರದರ್ಶಕದಿಂದ ತೆಗೆದ ಚಿತ್ರಗಳು ಗಾಜಿನ ಪ್ಲೇಟುಗಳಾಗಿ ಅಮೆರಿಕಕ್ಕೆ ಬರುತ್ತಿದ್ದವು. ಪ್ಲೇಟು ನೆಗೆಟಿವ್, ಹಾಗಾಗಿ ನಕ್ಷತ್ರ ಕಪ್ಪು ಚುಕ್ಕೆ. ಒಂದು ರಾತ್ರಿಯ ಪ್ಲೇಟಿನಿಂದ ಪಾಸಿಟಿವ್ ಮಾಡಿದರೆ ಅದೇ ಚುಕ್ಕೆ ಬಿಳಿ. ಅದನ್ನು ಇನ್ನೊಂದು ರಾತ್ರಿಯ ನೆಗೆಟಿವ್ ಮೇಲೆ ಸರಿಯಾಗಿ ಹೊಂದಿಸಿಟ್ಟರೆ ಬದಲಾಗದ ನಕ್ಷತ್ರಗಳಲ್ಲಿ ಕಪ್ಪು ಬಿಳಿಯನ್ನು ಮುಚ್ಚುತ್ತದೆ. ಬೆಳಕು ಏರಿಳಿದ ನಕ್ಷತ್ರದಲ್ಲಿ ಮಾತ್ರ ಕಪ್ಪೋ ಬಿಳಿಯೋ ಅಂಚು ಉಳಿಯುತ್ತದೆ. ಮೋಸ ಹೋಗುವುದೂ ಇಲ್ಲೇ. ಧೂಳಿನ ಕಣವೂ ಗಾಜಿನ ಮೇಲಿನ ಲೇಪದ ದೋಷವೂ ನಕ್ಷತ್ರದಂತೆಯೇ ಕಾಣುತ್ತವೆ. ಗಾಳಿ ಕದಡಿದ ರಾತ್ರಿ ಎಲ್ಲ ಚುಕ್ಕೆಗಳೂ ಊದಿಕೊಳ್ಳುತ್ತವೆ. ಆದ್ದರಿಂದ ಅನುಮಾನ ಬಂದದ್ದನ್ನು ಬೇರೆ ಪ್ಲೇಟುಗಳಲ್ಲಿ ನೋಡಬೇಕು, ಅಳತೆಯನ್ನು ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿಯೇ ಬರೆಯಬೇಕು. ಗಂಟೆಗೆ 30 ಸೆಂಟ್ ಕೂಲಿಗೆ ಹೀಗೆ ಹುಡುಕಿ, 1908ರಲ್ಲಿ ಮೆಗೆಲ್ಲಾನಿಕ್ ಮೋಡಗಳ (ನಮ್ಮ ಗ್ಯಾಲಕ್ಸಿಯ ನೆರೆಯ ಎರಡು ಚಿಕ್ಕ ಗ್ಯಾಲಕ್ಸಿಗಳು) 1777 ಚರ ನಕ್ಷತ್ರಗಳ, ಅಂದರೆ ಬೆಳಕು ಏರಿಳಿಯುವ ನಕ್ಷತ್ರಗಳ, ಪಟ್ಟಿ ಕೊಟ್ಟರು.

1912ರಲ್ಲಿ ಕಿರಿಯ ಮೋಡದ 25 ನಕ್ಷತ್ರಗಳನ್ನು ಸಾಲಾಗಿ ಇಟ್ಟಾಗ, ಹೆಚ್ಚು ಬೆಳಗುವುದು ನಿಧಾನವಾಗಿ ಮಿಡಿಯುತ್ತದೆ ಎಂಬುದು ಖಚಿತವಾಯಿತು. ಎಲ್ಲವೂ ಒಂದೇ ಮೋಡದಲ್ಲಿ, ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇದ್ದುದರಿಂದ ಕಾಣುವ ಬೆಳಕಿನ ತಾರತಮ್ಯವೇ ನಿಜವಾದ ಬೆಳಕಿನ ತಾರತಮ್ಯ. ಹಾಗಾದರೆ ಒಂದೇ ಅವಧಿಯ (ಒಂದು ಏರಿಳಿತಕ್ಕೆ ಒಂದೇ ಕಾಲ ಹಿಡಿಯುವ) ಎರಡು ನಕ್ಷತ್ರಗಳಲ್ಲಿ ಒಂದು ನೂರು ಪಟ್ಟು ಮಂಕಾಗಿ ಕಂಡರೆ ಅದು ಹತ್ತು ಪಟ್ಟು ದೂರ. ಆಂಡ್ರೊಮಿಡಾ ನಮ್ಮ ಗ್ಯಾಲಕ್ಸಿಯ ಹೊರಗಿದೆ ಎಂದು ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದ್ದು ಇದೇ ಅಳತೆಗೋಲಿನಿಂದ.

ಇನ್ನು ಭಕ್ತಿ, ಮನೆ. ತಂದೆ ಕಾಂಗ್ರಿಗೇಷನಲ್ ಎಂಬ ಪ್ರಾಟೆಸ್ಟಂಟ್ ಚರ್ಚಿನ ಪಾದ್ರಿ. ಸಹೋದ್ಯೋಗಿ ಸೋಲನ್ ಬೇಯ್ಲಿ ಶ್ರದ್ಧಾಂಜಲಿಯಲ್ಲಿ ಅವರ ಧರ್ಮನಿಷ್ಠೆ, ಕರ್ತವ್ಯಪ್ರಜ್ಞೆ, ಮನೆಯವರ ಮೇಲಿನ ಅಕ್ಕರೆಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಿಸಿಲಿನಂಥ ಸ್ವಭಾವ ಎಂದೂ ಸೇರಿಸುತ್ತಾರೆ. ಈ ಭಕ್ತಿಯನ್ನು ಪವಾಡ ಮಾಡಿದರೆ ಅದು ಸಣ್ಣದಾಗುತ್ತದೆ ಅನ್ನಿಸುತ್ತದೆ ನಮಗೆ. ಕೇಂಬ್ರಿಜ್‌ನಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಹತ್ತಿರವೇ ತಂದೆಯ ಸಹೋದರನ ಮನೆಯಿತ್ತು. 1908ರ ಕೊನೆಗೆ ಆಸ್ಪತ್ರೆ ಸೇರಬೇಕಾಗಿ ಬಂದಾಗ, ಆಮೇಲೆ ಚೇತರಿಸಿಕೊಳ್ಳಲು ವಿಸ್ಕಾನ್ಸಿನ್‌ನ ಬಿಲೋಯಿಟ್‌ನಲ್ಲಿ ಅಪ್ಪ ಅಮ್ಮ ಇದ್ದರು. ಚಿತ್ರಗಳನ್ನೂ ನೋಡುವ ಸಲಕರಣೆಯನ್ನೂ ಪಿಕರಿಂಗ್ ಅಲ್ಲಿಗೇ ಕಳಿಸಿಕೊಟ್ಟರು. 1911ರಲ್ಲಿ ತಂದೆ ತೀರಿಕೊಂಡಾಗ ಅಮ್ಮನ ಜೊತೆ ಇರಲು ಮತ್ತೆ ಊರಿಗೆ ಹೋದರು, ಕೊನೆಯ ವರ್ಷಗಳಲ್ಲಿ ಕೇಂಬ್ರಿಜ್‌ನಲ್ಲಿ ಅಮ್ಮನ ಜೊತೆಯೇ ಇದ್ದರು. ಆಕಾಶ ಕಾಯುವುದಿಲ್ಲ, ಗಾಜು ಕಾಯುತ್ತದೆ: ಆರು ತಿಂಗಳು ಮಲಗಿ ಎದ್ದರೂ ಹಳೆಯ ರಾತ್ರಿ ಹಾಗೇ ಇರುತ್ತದೆ. ಆಕಾಶದ ಉತ್ತರ ಧ್ರುವದ ಬಳಿಯ 96 ನಕ್ಷತ್ರಗಳ ಪ್ರಮಾಣ ಕಾಂತಿಯನ್ನು (ಬೇರೆ ನಕ್ಷತ್ರಗಳನ್ನು ಹೋಲಿಸಲು ಮಾನದಂಡ) 13 ದೂರದರ್ಶಕಗಳ 299 ಪ್ಲೇಟುಗಳಿಂದ ಅಳೆದು ಮುಗಿಸಲು 1917 ಆಯಿತು. ನಡುನಡುವೆ ನಿಂತು ನಿಂತು ಸಾಗಿದ ಕೆಲಸ.

ಲೆವಿಟ್ ಅಳೆದಂಥದ್ದೇ ಮಿಡಿಯುವ ನಕ್ಷತ್ರವೊಂದನ್ನು ಮಕ್ಕಳಿಗೆ ತೋರಿಸಬೇಕಾದರೆ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ರಾತ್ರಿ ಎಂಟಕ್ಕೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ. ಡಬ್ಲ್ಯೂ ಆಕಾರದ ಕ್ಯಾಸಿಯೋಪಿಯಾದ ಎಡಕ್ಕೆ, ಸುಮಾರು 45 ಡಿಗ್ರಿ ಎತ್ತರದಲ್ಲಿ, ಮೂರು ನಕ್ಷತ್ರಗಳ ಚಿಕ್ಕ ತ್ರಿಕೋನ: ಡೆಲ್ಟಾ, ಝೀಟಾ, ಎಪ್ಸಿಲಾನ್ ಸೆಫೈ. ಕಾಂತಿಯ ಲೆಕ್ಕದಲ್ಲಿ (ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಝೀಟಾ 3.4, ಎಪ್ಸಿಲಾನ್ 4.2, ಡೆಲ್ಟಾ 3.5ರಿಂದ 4.4ರ ನಡುವೆ 5.37 ದಿನಕ್ಕೊಮ್ಮೆ ಏರಿಳಿಯುತ್ತದೆ, ಏರುವುದು ಬೇಗ, ಇಳಿಯುವುದು ನಿಧಾನ. ದಿನಾ ಒಂದೇ ಹೊತ್ತಿಗೆ, ಡೆಲ್ಟಾದ ಬೆಳಕು ಉಳಿದ ಎರಡರಲ್ಲಿ ಯಾವುದರ ಬೆಳಕಿಗೆ ಹತ್ತಿರ ಎಂದಷ್ಟೇ ಬರೆಸಿ; ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಬಿಡಿ, ಬೆಳದಿಂಗಳಿಗೆ ಎಪ್ಸಿಲಾನ್ ಮಂಕಾಗಿಬಿಡುತ್ತದೆ. ಹತ್ತು ಹನ್ನೆರಡು ರಾತ್ರಿ ಸಿಕ್ಕರೆ ಗ್ರಾಫ್ ಹಾಳೆಯಲ್ಲಿ ಎರಡು ಏರು ಕಾಣಬೇಕು.