ತಾತನ ಹಾಡು ಗುಂಯ್‌ಗುಡುತ್ತಿದ್ದರೆ

ಮನೆಯಲ್ಲಿ ತಾತನ ಹಾಡು ರೆಕಾರ್ಡ್ ಮಾಡಿದರೆ, ದನಿ ಅಮೆರಿಕದ ಗಾಯಕ ಜಾನಿ ಕ್ಯಾಶ್ ಅವರ 1994ರ ಆಲ್ಬಮ್ ಥರ ಹತ್ತಿರ ಕೇಳಿಸದೆ ಗುಂಯ್‌ಗುಡುತ್ತದೆ ಅಂದಿದ್ದೀರಿ. ಕಾರಣ ಬಹುಶಃ ನಿಮ್ಮ ಬರಿಗೋಡೆಯ ಹಾಲ್, ಮೈಕ್ ಅಲ್ಲ. ಕ್ಯಾಶ್ ಕೂಡ ಆಗ ಹೆಚ್ಚಾಗಿ ಹಾಡಿದ್ದು ಮನೆಯಲ್ಲೇ: ನಿರ್ಮಾಪಕ ರಿಕ್ ರೂಬಿನ್ ಅವರ ಹಾಲ್‌ನಲ್ಲಿ, ಟೆನೆಸಿಯ ತಮ್ಮ ಮರದ ಮನೆಯಲ್ಲಿ. ದನಿ, ಗಿಟಾರ್, ಅಷ್ಟೇ.

ಮೊದಲು ಹಾಸಿಗೆ ಇರುವ ಕೋಣೆಗೆ ಹೋಗಿ. ತಾತನ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ತುಸು ಪಕ್ಕಕ್ಕೆ. ನೇರ ಇಟ್ಟರೆ ಉಸಿರು ಬಡಿಯುತ್ತದೆ. ಆಮೇಲೆ ಫ್ಯಾನ್ ಆರಿಸಿ, ರೆಕಾರ್ಡಿಂಗ್ ಮೀಟರ್‌ನಲ್ಲಿ ದನಿಯ ಲೆವೆಲ್ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ದನಿಯ ನಡುಕವನ್ನು ಮಾತ್ರ ಸಾಫ್ಟ್‌ವೇರ್‌ನಲ್ಲಿ ತಿದ್ದಬೇಡಿ, ದಯವಿಟ್ಟು.

ಬನಶಂಕರಿ ರಿಂಗ್ ರೋಡ್ ಪಕ್ಕ ಅಂದಿದ್ದೀರಿ. ಲಾರಿ ಸದ್ದು ಇದರಿಂದ ಪೂರ್ತಿ ಹೋಗುತ್ತೋ ಇಲ್ವೋ ಹೇಳಲಾರೆ. ಕಿಟಕಿ ಮುಚ್ಚಿ, ಬೆಳಗಿನ ಜಾವ ಒಂದು ಸಲ ರೆಕಾರ್ಡ್ ಮಾಡಿ ಹೋಲಿಸಿ ನೋಡಿ.